ಸುಮ್ಮನಿದ್ದವರಿಗೊಂದು ಕಾಲಂ

ತಲೆ ಆಡಿಸಿತ್ತೋ, ಇಲ್ಲವೋ? ನಾಲ್ಕನೆಯ ಸೊನ್ನೆಗೂ ಐದನೆಯ ಸೊನ್ನೆಗೂ ನಡುವೆ ಪೆನ್ಸಿಲ್ಲಿನ ಒಂದು ಸಣ್ಣ ಗೀರು ಇದೆ. ಮಗು ಹೌದೆಂದು ತಲೆಯಾಡಿಸಿದ್ದಕ್ಕೆ ತಾನೇ ಎಳೆದ ಗುರುತೇ ಅದು? ಅಥವಾ ಫ್ಯಾನಿನ ಗಾಳಿಗೆ ಹಾಳೆ ಎದ್ದು ಮೊನೆಗೆ ತಾಗಿದ್ದೇ? ಹತ್ತು ತಿಂಗಳ ಹಿಂದಿನ ಒಂದು ಮಧ್ಯಾಹ್ನವನ್ನು ಇಷ್ಟು ಚಿಕ್ಕ ಗೀರಿನ ತುದಿ ಹಿಡಿದು ಎಳೆದರೆ ಎಷ್ಟು ತಾನೇ ಬಂದೀತು? ಇನ್ನೂ ಒಂದು ಪ್ರಶ್ನೆ ಇದೆ. ಅದನ್ನು ಅವರು ಪೂರ್ತಿಯಾಗಿ ಕೇಳಿಕೊಳ್ಳುವುದಿಲ್ಲ, ಅರ್ಧಕ್ಕೇ ಬಿಟ್ಟುಬಿಡುತ್ತಾರೆ: ಇದು ಆ ಮಗುವಿನ ಮೌನವೋ, ಇಲ್ಲಾ ನನ್ನ...

ಬೆಳಗಿನ ಆರೂಕಾಲು. ಮೂರನೆಯ ಮಹಡಿಯ ವಿಚಾರಣಾ ಕೋಣೆಯಲ್ಲಿ ಅವರೊಬ್ಬರೇ ಇದ್ದಾರೆ. ಉದ್ದನೆಯ ಮೇಜು, ಹನ್ನೆರಡು ಕುರ್ಚಿ, ಬೋರಲು ಹಾಕಿದ ಗಾಜಿನ ಲೋಟಗಳು. ಮೇಜಿನ ತುದಿಯಲ್ಲಿ, ಯಾವುದೋ ಶಿಶುವಿಹಾರದಿಂದ ತಂದ ಹಳದಿ ಬಣ್ಣದ ಒಂದು ಪುಟ್ಟ ಕುರ್ಚಿ. ಈ ಕೋಣೆಗೆ ಬೆಳಕು ಬರುವ ರೀತಿಯೇ ವಿಚಿತ್ರ. ಮೊದಲು ಆ ಪುಟ್ಟ ಕುರ್ಚಿಯ ಕಾಲುಗಳ ಮೇಲೆ ಬೀಳುತ್ತದೆ, ನಿಧಾನವಾಗಿ ಲೋಟಗಳನ್ನು ಒಂದೊಂದಾಗಿ ಹೊತ್ತಿಸುತ್ತದೆ, ದೊಡ್ಡವರ ಕುರ್ಚಿಗಳನ್ನು ಮುಟ್ಟುವಷ್ಟರಲ್ಲಿ ಬಿಸಿಲಾಗಿಬಿಟ್ಟಿರುತ್ತದೆ. ಗೋಡೆ ಗಡಿಯಾರ ಏಳು ನಿಮಿಷ ಮುಂದಿದೆ. ಯಾರೂ ಸರಿಮಾಡಿಲ್ಲ. ಆ ಏಳು ನಿಮಿಷ ತಮ್ಮದು ಎಂದು ಅವರು ಬಹಳ ಹಿಂದೆಯೇ ತೀರ್ಮಾನಿಸಿಕೊಂಡಿದ್ದಾರೆ.

ಅವರು ಈ ಕಚೇರಿಯ ಶೀಘ್ರಲಿಪಿಕಾರರು. ಕುಟುಂಬ ಕಾನೂನುಗಳ ಸುಧಾರಣೆಗೆ ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಮೂಲೆಯ ಚಿಕ್ಕ ಮೇಜಿನ ಮುಂದೆ ಕೂತು, ಆಡಿದವರ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳುತ್ತಾರೆ. ಮದುವೆ, ವಿಚ್ಛೇದನ, ದತ್ತು, ಜೀವನಾಂಶ, ಮಕ್ಕಳು ಯಾರ ಬಳಿ ಇರಬೇಕು ಎಂಬ ಜಗಳ, ಇವೇ ಮಂಡಳಿಯ ವಿಷಯಗಳು. ಕಾನೂನು ಮಾಡುವವರು ಬೇರೆ, ಇವರದ್ದು ಕೇಳುವುದು, ಯೋಚಿಸುವುದು, ಸಲಹೆ ಕೊಡುವುದು. ಗಾಜಿನ ಬೀರುವಿನಲ್ಲಿ ಐದು ವರದಿಗಳು ನಿಂತಿವೆ, ಎರಡು ಕಾನೂನಾಗಿವೆ, ಮೂರು ಬೀರುವಿನಲ್ಲೇ ಇವೆ. ಐದರಲ್ಲೂ ಮೊದಲ ಪುಟದಲ್ಲಿ ಸದಸ್ಯರ ಹೆಸರುಗಳು. ಕೊನೆಯ ಪುಟದ ಕೊನೆಯ ಸಾಲು, 'ಕಚೇರಿಯ ಸಿಬ್ಬಂದಿಗೂ ವಂದನೆಗಳು.' ಆ ಸಾಲಿನ 'ಗೂ' ಇದೆಯಲ್ಲ, ಅದು ತಾವೇ ಎಂದು ಅವರು ನಗುತ್ತಾರೆ.

ದಿನಚರಿ ಕಟ್ಟುನಿಟ್ಟು. ಲಿಫ್ಟು ಎರಡನೆಯ ಮಹಡಿಗೇ ಕೈಕೊಡುವುದರಿಂದ ಅರವತ್ತೆರಡು ಮೆಟ್ಟಿಲು ಹತ್ತುತ್ತಾರೆ. ಹನ್ನೊಂದು ಪೆನ್ಸಿಲ್ಲುಗಳನ್ನು ಬ್ಲೇಡಿನಲ್ಲಿ ಹೆರೆಯುತ್ತಾರೆ. ನಿಮಿಷಕ್ಕೆ ನೂರ ಮೂವತ್ತು ಪದ ಅವರ ವೇಗ. "ಸಿಟ್ಟು ಬಂದ್ರೆ ಜನ ನೂರ ಎಂಬತ್ತಕ್ಕೂ ಹೋಗ್ತಾರೆ. ಆಗ ಎರಡು ಕೈ ಸಾಲದು. ಆದ್ರೆ ಸಿಟ್ಟಲ್ಲಿರೋರು ಹೇಳಿದ್ದನ್ನೇ ಮೂರು ಸಲ ಹೇಳ್ತಾರೆ ನೋಡಿ, ಅಲ್ಲಿ ಹಿಡ್ಕೊಂಡ್ಬಿಡ್ತೀನಿ," ಎನ್ನುತ್ತಾರೆ.

ಮತ್ತು ಯಾರೂ ಮಾತಾಡದಿದ್ದಾಗ?

"ಸೊನ್ನೆ ಹಾಕ್ತೀನಿ."

ಇದು ಅವರಿಗೆ ಕೆಲಸ ಕಲಿಸಿದ ಹಿರಿಯ ಬರಹಗಾರರು ಹೇಳಿಕೊಟ್ಟ ಉಪಾಯ. ಕೋಣೆ ಸುಮ್ಮನಾದಾಗ ಪೆನ್ಸಿಲ್ ಎತ್ತಬಾರದು, ಎತ್ತಿದರೆ ಕೈ ಮರಗಟ್ಟುತ್ತದೆ, ಮತ್ತೆ ಮಾತು ಹೊರಟಾಗ ಮೊದಲ ನಾಲ್ಕು ಪದ ತಪ್ಪಿಹೋಗುತ್ತವೆ. ಅದಕ್ಕೇ ತನ್ನ ಒಂದೊಂದು ಉಸಿರಿಗೆ ಒಂದೊಂದು ಸೊನ್ನೆ. ಅದಕ್ಕೆ ಅರ್ಥವೇನೂ ಇರಲಿಲ್ಲ, ಕೈ ಬೆಚ್ಚಗಿರಲಿ ಎಂದಷ್ಟೇ. ಇಪ್ಪತ್ತೇಳು ವರ್ಷ ಅವರು ಕೈ ಬೆಚ್ಚಗಿಟ್ಟುಕೊಂಡರು. ಕಚೇರಿಯಲ್ಲಿ ಅವರಿಗೆ 'ಸೊನ್ನೆ ಸಾರ್' ಎಂದೇ ಹೆಸರು ಬಿತ್ತು.

"ಸಾರ್, ನಿಮ್ಮ ಸೊನ್ನೆಗಳನ್ನೆಲ್ಲ ಪೋಣಿಸಿದ್ರೆ ನನ್ನ ಮಗಳಿಗೆ ಮೂರೆಳೆ ಸರ ಆಗ್ತಿತ್ತು," ಎಂದು ಪಕ್ಕದ ಮೇಜಿನ ಟೈಪಿಸ್ಟ್ ಇಪ್ಪತ್ತು ವರ್ಷದಿಂದ ಒಂದೇ ತಮಾಷೆ ಮಾಡುತ್ತಾರೆ.

"ಕಟ್ಟೋ ದಾರ ನೀವು ತನ್ನಿ," ಎಂದು ಇವರು ಇಪ್ಪತ್ತು ವರ್ಷದಿಂದ ಒಂದೇ ಉತ್ತರ ಕೊಡುತ್ತಾರೆ.

ಆರೂವರೆಗೆ ಫೋನು ಬಡಿದುಕೊಳ್ಳುತ್ತದೆ. ತಂಗಿ. ಮೂರು ವರ್ಷ ಚಿಕ್ಕವಳು, ಊರಿನ ಇನ್ನೊಂದು ತುದಿಯ ಬಸ್ ಡಿಪೋದಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ಕೌಂಟರು ತೆರೆಯುವ ಮುಂಚೆ ದಿನಾ ಅಣ್ಣನಿಗೆ ಫೋನು ಮಾಡದಿದ್ದರೆ ಅವಳಿಗೆ ಬೆಳಗಾಗುವುದಿಲ್ಲ.

"ಏನೋ ಅಣ್ಣ, ತಿಂದ್ಯಾ ಏನಾದ್ರೂ?"

"ಹೂಂ."

"ಸುಳ್ಳು. ಬಾಯಲ್ಲಿ ಏನಾದ್ರೂ ಇದ್ದಿದ್ರೆ ಹೂಂ ಬೇರೆ ಥರ ಕೇಳ್ಸೋದು. ಕಾಲು ನೋವು ಹೇಗಿದೆ?"

ಇವರು ಹಾಳೆಯ ಅಂಚಿನಲ್ಲಿ ಒಂದು ಸೊನ್ನೆ ಹಾಕುತ್ತಾರೆ.

"ಮಾತಾಡೋ! ನಿನ್ನ ಸೊನ್ನೆ ಫೋನಲ್ಲಿ ಕಾಣ್ಸಲ್ಲ."

ಅಣ್ಣ ತಂಗಿ ಬೆಳೆದದ್ದು ಎರಡು ಮನೆಗಳಲ್ಲಿ. ಅವರಿಗೆ ಒಂಬತ್ತು, ಆಕೆಗೆ ಆರು ವರ್ಷವಾಗಿದ್ದಾಗ ಅಪ್ಪ ಅಮ್ಮ ಬೇರೆಯಾದರು. ಹುಡುಗ ಅಪ್ಪನಿಗೆ, ಹುಡುಗಿ ಅಮ್ಮನಿಗೆ. ಹಂಚಿಕೆ ಸಲೀಸಾಗಿ ಮುಗಿಯಿತು. ಮತ್ತೆ ಇಬ್ಬರೂ ಒಂದೇ ಕೋಣೆಯಲ್ಲಿ ನಿಂತದ್ದು ಹದಿನಾಲ್ಕು ವರ್ಷದ ಮೇಲೆ, ಅಮ್ಮ ಆಸ್ಪತ್ರೆಯಲ್ಲಿದ್ದಾಗ. "ನಾನು ಗುರುತು ಹಿಡೀಲಿಲ್ಲ. ಅವನೇ ಬಂದು ನನ್ನ ಜಡೆ ಎಳ್ದ. ಇಪ್ಪತ್ತು ವರ್ಷದ ಹುಡುಗಿ ಜಡೆ ಎಳೀತಾರೇನ್ರೀ ಯಾರಾದ್ರೂ? ಬಯ್ಯೋಕೆ ಬಾಯಿ ತೆಗ್ದೆ, ಆಮೇಲೆ ಗೊತ್ತಾಯ್ತು," ಎಂದು ತಂಗಿ ನೆನೆಯುತ್ತಾಳೆ. ಹಳೆಯದನ್ನು ಆಕೆ ಮನಸ್ಸಿನಲ್ಲಿಟ್ಟುಕೊಂಡಿಲ್ಲ. "ನ್ಯಾಯಾಧೀಶರು ಕೇಳಿದಾಗ ಅವನೇ ಅಪ್ಪನ ಜೊತೆ ಇರ್ತೀನಿ ಅಂದಿದ್ನಂತೆ, ಅಮ್ಮ ಹೇಳ್ತಿದ್ಲು. ಒಂಬತ್ತು ವರ್ಷದೋನು, ಅವನಿಗೇನು ಗೊತ್ತಾಗುತ್ತೆ? ಚಿಕ್ಕೋಳಿದ್ದಾಗ ಕೋಪ ಇತ್ತು. ಈಗ ಇಲ್ಲ ಬಿಡಿ."

ಅಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ನ್ಯಾಯಾಲಯದ ಆ ಹಳೆಯ ಕಾಗದ ಸಿಕ್ಕಿತು. ಮಡಿಕೆಗಳಲ್ಲಿ ಸವೆದು ನಾಲ್ಕು ತುಂಡಾಗುವ ಹಾಗಿದೆ. ಅದರಲ್ಲಿ ಅವರಿಗೆ ಸಂಬಂಧಿಸಿದ ಸಾಲು ಒಂದೇ: 'ಹುಡುಗನನ್ನು ವಿಚಾರಿಸಲಾಯಿತು. ತಕರಾರಿಲ್ಲ.' ಅದನ್ನು ಓದಿದಾಗ ಅವರಿಗೆ ಮೊದಲು ನೆನಪಾದದ್ದು ನ್ಯಾಯಾಧೀಶರ ಕೋಣೆಯ ಕಿಟಕಿ. ಕಿಟಕಿಯಾಚೆ ಯಾರೋ ಒಂದು ಬಿಳಿ ಬಟ್ಟೆ ಒಣಹಾಕಿದ್ದರು. ಅದು ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಯಾರೋ ಏನೋ ಕೇಳುತ್ತಿದ್ದರು. ಹುಡುಗ ಬಟ್ಟೆ ನೋಡುತ್ತಿದ್ದ. ಎಷ್ಟು ಹೊತ್ತು? ಲೆಕ್ಕ ಇಟ್ಟವರಿಲ್ಲ.

ಈಗ ಮಂಡಳಿ ಕೈಗೆತ್ತಿಕೊಂಡಿದ್ದ ವಿಷಯವೂ ಅದೇ. ಅಪ್ಪ ಅಮ್ಮ ಬೇರೆಯಾದಾಗ ಮಕ್ಕಳು ಎಲ್ಲಿರಬೇಕೆಂದು ಈಗ ನಿರ್ಧರಿಸುವ ಕ್ರಮ ಸರಿಯಿದೆಯೇ, ಬದಲಿಸಬೇಕೇ? ಹದಿನಾಲ್ಕು ತಿಂಗಳಲ್ಲಿ ತೊಂಬತ್ತನಾಲ್ಕು ಮಕ್ಕಳು ಆ ಹಳದಿ ಕುರ್ಚಿಯಲ್ಲಿ ಬಂದು ಕೂತರು. ಸದಸ್ಯರು ಸರದಿಯ ಮೇಲೆ ಬರುತ್ತಿದ್ದರು, ಇವರು ಮಾತ್ರ ಎಲ್ಲ ದಿನವೂ ಇದ್ದರು. ನಲವತ್ತೊಂದು ನೋಟ್‌ಬುಕ್ ತುಂಬಿದವು. ಕೇಳುತ್ತಿದ್ದದ್ದು ಎಂಟು ಪ್ರಶ್ನೆ. ಏಳನೆಯದು ಇದು: 'ಈಗ ಇರೋ ಮನೇಲೇ ಇರೋದು ನಿಂಗೆ ಸರಿ ಅನ್ಸುತ್ತಾ?'

ಪ್ರತಿ ಸಂಜೆ ಅಂದಿನ ಉತ್ತರಗಳನ್ನು ಒಂದು ಪಟ್ಟಿಗೆ ಇಳಿಸುವುದೂ ಅವರ ಕೆಲಸ. ಪಟ್ಟಿಯಲ್ಲಿ ಮೂರು ಕಾಲಂ: ಹೌದು, ಇಲ್ಲ, ತಕರಾರಿಲ್ಲ. ಮಂಡಳಿ ಇಲಾಖೆಗಳಿಗೂ ಸಂಘಗಳಿಗೂ ಪತ್ರ ಬರೆದು ಅಭಿಪ್ರಾಯ ಕೇಳುವುದುಂಟು, ಹೇಳಿದ ದಿನದೊಳಗೆ ಉತ್ತರ ಬಾರದಿದ್ದರೆ ಅವರ ಹೆಸರು ಮೂರನೆಯ ಕಾಲಮ್ಮಿಗೆ ಹೋಗುತ್ತದೆ. ಅದು ಕಚೇರಿಯ ಹಳೇ ವಾಡಿಕೆ. ಇಪ್ಪತ್ತೇಳು ವರ್ಷ ಹಾಗೇ ತುಂಬಿದ ಕೈ ಅದು. ಮಕ್ಕಳ ಪಟ್ಟಿಯನ್ನೂ ಹಾಗೇ ತುಂಬಿತು. ಉತ್ತರ ಬರಲಿಲ್ಲ, ಆದ್ದರಿಂದ ತಕರಾರಿಲ್ಲ. ದಿನಾ ಸಂಜೆ ಒಂದು ಗೆರೆ, ಎರಡು ಗೆರೆ. ಕೈ ಯೋಚಿಸಲಿಲ್ಲ. ಕೈಯ ಒಡೆಯರೂ ಯೋಚಿಸಲಿಲ್ಲ.

ಕೊನೆಗೆ ಕೂಡಿದಾಗ ಹೌದು ಹತ್ತೊಂಬತ್ತು, ಇಲ್ಲ ಹದಿನಾಲ್ಕು, ತಕರಾರಿಲ್ಲ ಅರವತ್ತೊಂದು. ಕರಡು ವರದಿಯಲ್ಲಿ ಕಾರ್ಯದರ್ಶಿ ಬರೆದರು: 'ವಿಚಾರಿಸಿದ ಮಕ್ಕಳಲ್ಲಿ ನೂರಕ್ಕೆ ಎಂಬತ್ತೈದು ಮಂದಿ ಈಗಿನ ಏರ್ಪಾಡಿಗೆ ಸಮ್ಮತಿಸಿರುವರು. ಆದ್ದರಿಂದ ಈಗಿನ ಕ್ರಮವನ್ನು ಬದಲಿಸುವ ಅಗತ್ಯ ಕಂಡುಬರುವುದಿಲ್ಲ.'

ಆ ಸಾಲನ್ನು ಓದಿದ ದಿನ ಅವರಿಗೆ ಎರಡು ಜೊತೆ ಕಾಲುಚೀಲ ನೆನಪಾದವು.

ಅವರ ಮೇಜು ತಗ್ಗಿನಲ್ಲಿದೆ. ಅಲ್ಲಿಂದ ಹಳದಿ ಕುರ್ಚಿಯಲ್ಲಿ ಕೂತವರ ಮುಖಕ್ಕಿಂತ ಕಾಲೇ ಚೆನ್ನಾಗಿ ಕಾಣುವುದು. ಒಂದು ಸೋಮವಾರ ಎಂಟು ವರ್ಷದ ಹುಡುಗಿ ಬಂದಿದ್ದಳು. ಬಲಗಾಲಿಗೆ ಕೆಂಪು ಚೀಲ, ಎಡಗಾಲಿಗೆ ನೀಲಿ ಪಟ್ಟೆಯದು. ಅವಸರದಲ್ಲಿ ಹಾಕಿಸಿರಬೇಕು ಎಂದುಕೊಂಡರು. ಏಳನೆಯ ಪ್ರಶ್ನೆಗೆ ಅವಳು ಸುಮ್ಮನಿದ್ದಳು. ಹದಿನಾರು ಸೊನ್ನೆ. ಶುಕ್ರವಾರ ಬೇರೆ ಸದಸ್ಯರ ಸರದಿ, ಬೇರೆ ಮನೆಯಿಂದ ಹತ್ತು ವರ್ಷದ ಹುಡುಗ. ಎಡಗಾಲಿಗೆ ಕೆಂಪು, ಬಲಗಾಲಿಗೆ ನೀಲಿ ಪಟ್ಟೆ. ಅವಳ ಅಣ್ಣ. ಎರಡು ಮನೆಗೆ ಹಂಚಿಹೋದ ಮಕ್ಕಳು, ಯಾವಾಗ ಸಿಕ್ಕಿದ್ದರೋ, ಎಲ್ಲಿ ಕೂತು ಬದಲಾಯಿಸಿಕೊಂಡಿದ್ದರೋ, ಒಂದೊಂದು ಕಾಲಿನ ಚೀಲವನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ಹುಡುಗನೂ ಏಳನೆಯ ಪ್ರಶ್ನೆಗೆ ಸುಮ್ಮನಿದ್ದ. ಹನ್ನೆರಡು ಸೊನ್ನೆ. ಎರಡು ದಿನವೂ ಆ ಕೋಣೆಯಲ್ಲಿದ್ದವರು ಇವರೊಬ್ಬರೇ. ಕಾಲುಚೀಲ ಮಾತಲ್ಲ, ನಡಾವಳಿಯಲ್ಲಿ ಬರೆಯುವಂತಿಲ್ಲ. ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದರು, 'ಕೆಂಪು, ನೀಲಿ' ಎಂದು. ಆ ಸಂಜೆಯೂ ಪಟ್ಟಿಯಲ್ಲಿ ಗೆರೆ ಬಿದ್ದದ್ದು ಮೂರನೆಯ ಕಾಲಮ್ಮಿಗೇ.

ಎರಡು ವಾರದ ಹಿಂದಿನ ಮಂಗಳವಾರ ಕರಡು ಒಪ್ಪುವ ಸಭೆ. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದುವವರು. ಆ ಪುಟಕ್ಕೆ ಬಂದರು. "ಇದಕ್ಕೆ ಎಲ್ಲರೂ ಒಪ್ಪಿದ ಹಾಗೇ ತಾನೇ?" ಎಂದರು. ಯಾರೂ ಮಾತಾಡಲಿಲ್ಲ. ಮೂಲೆಯಲ್ಲಿ ಪೆನ್ಸಿಲ್ಲು ಒಂದು ಸೊನ್ನೆ ಹಾಕಿತು, ಎರಡು ಹಾಕಿತು, ನಿಂತಿತು. ಯಾರೋ ಕೆಮ್ಮಿದ ಸದ್ದಾಯಿತು.

"ಏನ್ರೀ, ನೆಗಡಿಯಾ?" ಅಧ್ಯಕ್ಷೆ ತಲೆ ಎತ್ತಿದರು.

"ಇಲ್ಲ ಮೇಡಂ," ಎಂದರು ಇವರು. "ತಕರಾರು."

ಟೈಪಿಸ್ಟ್ ಬಾಯಿಗೆ ಸೆರಗು ಹಿಡಿದುಕೊಂಡರಂತೆ, ನಗುವೋ ಗಾಬರಿಯೋ ತಮಗೇ ಗೊತ್ತಾಗಲಿಲ್ಲ ಎನ್ನುತ್ತಾರೆ. ಕಾರ್ಯದರ್ಶಿಯವರಿಗೆ ಗೊತ್ತಾಯಿತು. "ನೀವು ಬರಿಯೋಕೆ ಇರೋದು ಸ್ವಾಮಿ, ಮಾತಾಡೋಕಲ್ಲ," ಎಂದರು.

"ಇಪ್ಪತ್ತೇಳು ವರ್ಷದಿಂದ ನಾವು ಹೇಳಿದ್ದನ್ನೆಲ್ಲ ಕೇಳಿದ್ದಾರೆ," ಎಂದರು ಅಧ್ಯಕ್ಷೆ. "ಒಂದು ಹತ್ತು ನಿಮಿಷ ನಾವು ಕೇಳಿದ್ರೆ ಗಂಟೇನೂ ಹೋಗಲ್ಲ. ಹೇಳಿ."

ಇವರು ನೋಟ್‌ಬುಕ್ಕುಗಳನ್ನು ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಬಿಚ್ಚಿದರು. ಸಾಲು ಸಾಲು ಸೊನ್ನೆಗಳು, ನೀರಿನ ತಳದಿಂದ ಯಾರೋ ಉಸಿರು ಬಿಟ್ಟ ಹಾಗೆ.

"ಅರವತ್ತೊಂದರಲ್ಲಿ ಎಂಟು ಮಕ್ಕಳು 'ಪರವಾಗಿಲ್ಲ' ಅಂದಿದ್ದಾವೆ ಮೇಡಂ. ಉಳಿದ ಐವತ್ಮೂರು ಏನೂ ಅಂದಿಲ್ಲ. ಇದು ಉತ್ತರ ಅಲ್ಲ. ಉತ್ತರ ಬರ್ಲಿ ಅಂತ ನಾವು ಕಾದಿದ್ದು."

"ಮತ್ತೆ ಪಟ್ಟಿ ತುಂಬಿದ್ದು ಯಾರು?"

"ನಾನೇ."

"ಹಾಗಾದ್ರೆ ತಪ್ಪು?"

"ನಂದೇ ಮೇಡಂ."

ಆಮೇಲೆ ಕೆಂಪು ನೀಲಿ ಚೀಲಗಳ ವಿಷಯ ಹೇಳಿದರು. ಗಡಿಯಾರದ ಪ್ರಕಾರ ಅವರು ಮಾತಾಡಿದ್ದು ಹನ್ನೊಂದು ನಿಮಿಷ. ಅಂದಿನ ನಡಾವಳಿಯಲ್ಲಿ ಆ ಹನ್ನೊಂದು ನಿಮಿಷ ಇಲ್ಲ. ಬರೆದುಕೊಳ್ಳಬೇಕಾದವರು ನಿಂತು ಮಾತಾಡುತ್ತಿದ್ದರು.

ಅಧ್ಯಕ್ಷೆ ಬಹಳ ಹೊತ್ತು ಹಾಳೆ ತಿರುವಿದರು. ಕಾರ್ಯದರ್ಶಿಯವರ ಮಾತು ಖಡಕ್ಕಾಗಿತ್ತು: ಉಸಿರು ಎಣಿಸಿ ವರದಿ ಬರೆಯಲಾಗದು. ಇವರು ಎಲ್ಲವನ್ನೂ ಮತ್ತೆ ಓದಿ, ಒಂದೊಂದು ಮಗುವಿನ ಸಂಖ್ಯೆಯ ಮುಂದೂ ತಮ್ಮ ಸಹಿ ಹಾಕಿ, ಇದು ಮೌನವೇ ಎಂದು ಬರೆದುಕೊಡಬೇಕು. ಎಲ್ಲಾದರೂ ಒಂದು ಕಡೆ ಅನುಮಾನ ಕಂಡರೂ ಹಳೆಯ ಪಟ್ಟಿಯೇ ಅಚ್ಚಿಗೆ ಹೋಗುತ್ತದೆ, ನಿವೃತ್ತಿಗೆ ಏಳು ತಿಂಗಳಿರುವಾಗ ಇವರ ಮೇಲೆ ಒಂದು ಕಪ್ಪು ಗುರುತೂ ಬೀಳುತ್ತದೆ. ಅಧ್ಯಕ್ಷೆ ಎರಡು ವಾರದ ಗಡುವು ಕೊಟ್ಟರು. ನಾಳೆ ಮುಗಿಯುತ್ತದೆ.

ಅದಕ್ಕೇ ಈ ಬೆಳಗುಗಳು. ಐವತ್ತೆರಡು ಸಹಿ ಬಿದ್ದಿವೆ. ಉಳಿದದ್ದು ಮೂವತ್ತೇಳನೆಯ ಮಗು, ಒಂದು ಗೀರು.

ಅದಕ್ಕೂ ಸಹಿ ಹಾಕಿಬಿಡಬಹುದು. ಶೀಘ್ರಲಿಪಿ ಓದಬಲ್ಲವರು ಆ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ. ಗೀರನ್ನು ಕಾಣುವ ಕಣ್ಣೂ ಅವರದೊಂದೇ. ಅವರು ಎದ್ದು ಹೋಗಿ ಹಳದಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂರುತ್ತಾರೆ. ಬೆಳಕು ಈಗ ಲೋಟಗಳಿಗೆ ಬಂದಿದೆ. ಅಲ್ಲಿಂದ ನೋಡಿದರೆ ದೊಡ್ಡ ಕುರ್ಚಿಗಳ ಬೆನ್ನು ಎತ್ತರದ ಗೇಟಿನ ಹಾಗೆ ಕಾಣುತ್ತದೆ. ಆ ಮಗು, ಹೆಣ್ಣೋ ಗಂಡೋ ಅದೂ ಮಸುಕು, ತಲೆಯಾಡಿಸಿತ್ತೇ? ಅವರು ಕಣ್ಣು ಮುಚ್ಚಿ ಆ ಮಧ್ಯಾಹ್ನದೊಳಕ್ಕೆ ಇಳಿಯುತ್ತಾರೆ. ಫ್ಯಾನಿನ ಸದ್ದು ಸಿಗುತ್ತದೆ, ಲೋಟದ ನೀರಿನ ಅಲುಗಾಟ ಸಿಗುತ್ತದೆ. ಮಗುವಿನ ಮುಖದ ಜಾಗದಲ್ಲಿ ಮಾತ್ರ ಗಾಳಿಗೆ ಉಬ್ಬುವ ಒಂದು ಬಿಳಿ ಬಟ್ಟೆ ಬಂದು ನಿಲ್ಲುತ್ತದೆ.

ಅವರು ಕಣ್ಣು ತೆರೆಯುತ್ತಾರೆ. ಗೊತ್ತಾಗುತ್ತದೆ. ಇದು ತನ್ನದು. ಮೂವತ್ತೇಳನೆಯ ಮಗುವಿನದು ಏನೆಂದು ತನಗೆ ತಿಳಿಯದು.

ಮರುದಿನ ಕಾರ್ಯದರ್ಶಿಯವರ ಮೇಜಿನ ಮೇಲೆ ಪಟ್ಟಿ ಇಡುತ್ತಾರೆ. ಐವತ್ತೆರಡು ಸಹಿ. ಮೂವತ್ತೇಳರ ಮುಂದೆ ಒಂದು ಟಿಪ್ಪಣಿ: 'ತಲೆಯಾಡಿಸಿರಬಹುದು. ನನಗೆ ಖಚಿತವಿಲ್ಲ. ಮೂರನೆಯ ಕಾಲಮ್ಮಿನಲ್ಲೇ ಇರಲಿ.'

"ಅನುಮಾನ ಇದ್ರೆ ಹಳೇ ಪಟ್ಟೀನೇ ಹೋಗುತ್ತೆ ಅಂದಿದ್ದೆ," ಎನ್ನುತ್ತಾರೆ ಕಾರ್ಯದರ್ಶಿ.

"ಗೊತ್ತು ಸಾರ್."

"ನೀವು ಬರೀದೇ ಇದ್ರೆ ನಂಗೆ ಗೊತ್ತಾಗ್ತಿತ್ತಾ ಇದು?"

"ಇಲ್ಲ ಸಾರ್."

ಕಾರ್ಯದರ್ಶಿ ಅವರ ಮುಖ ನೋಡುತ್ತಾರೆ, ಟಿಪ್ಪಣಿ ನೋಡುತ್ತಾರೆ, ಮತ್ತೆ ಮುಖ ನೋಡುತ್ತಾರೆ. ಡ್ರಾಯರಿನಿಂದ ಅಳತೆಪಟ್ಟಿ ತೆಗೆದು ಕರಡಿನ ಪಟ್ಟಿಯ ಬಲಗಡೆ ತಾವೇ ಒಂದು ಉದ್ದನೆಯ ಗೆರೆ ಎಳೆಯುತ್ತಾರೆ. "ಇದಕ್ಕೆ ಏನಂತ ಹೆಸರಿಡೋಣ?" ಎನ್ನುತ್ತಾರೆ, ಮುಖ ಎತ್ತದೆ.

'ಉತ್ತರಿಸಲಿಲ್ಲ' ಎಂಬುದು ನಾಲ್ಕನೆಯ ಕಾಲಮ್ಮಿನ ಹೆಸರು. ಹತ್ತೊಂಬತ್ತು, ಹದಿನಾಲ್ಕು, ಒಂಬತ್ತು, ಐವತ್ತೆರಡು. ಅದರ ಕೆಳಗೆ ಅಧ್ಯಕ್ಷೆ ತಮ್ಮ ಕೈಯಾರೆ ಬರೆದ ಶಿಫಾರಸು ಇದೆ: ಮಗು ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದು ಎಣಿಸಬಾರದು, ಬೇರೆ ದಿನ, ಬೇರೆ ಕೋಣೆಯಲ್ಲಿ, ಅವಸರವಿಲ್ಲದೆ ಮತ್ತೆ ಕೇಳಬೇಕು, ಒಡಹುಟ್ಟಿದವರಿದ್ದರೆ ಒಟ್ಟಿಗೆ ಕೂರಿಸಿಯೂ ಕೇಳಬೇಕು. ಅದು ಕಾನೂನಾಗುತ್ತದೋ, ಗಾಜಿನ ಬೀರುವಿನಲ್ಲಿ ಆರನೆಯದಾಗಿ ನಿಲ್ಲುತ್ತದೋ, ಹೇಳುವವರಿಲ್ಲ. ಕೊನೆಯ ಪುಟದ ಕೊನೆಯ ಸಾಲು ಎಂದಿನಂತೆಯೇ ಇದೆ.

ಬೇಸರವಿಲ್ಲವೇ ಎಂದರೆ ಪೆನ್ಸಿಲ್ ಹೆರೆಯುತ್ತಲೇ ನಗುತ್ತಾರೆ. "ನಾಲ್ಕನೇ ಕಾಲಂ ಇದ್ಯಲ್ಲ, ಸಾಕು. ಇನ್ನು ಒಂದೇ ಆಸೆ. ಹೋಗೋದ್ರೊಳಗೆ ಆ ಪುಟ್ಟ ಕುರ್ಚೀನ ಮೇಜಿನ ತುದಿಯಿಂದ ಎತ್ತಿ ಪಕ್ಕಕ್ಕೆ ಹಾಕಿಸ್ಬೇಕು. ಅಷ್ಟುದ್ದ ಮೇಜು, ಹನ್ನೆರಡು ಕುರ್ಚಿ ಎದುರಿಗಿದ್ರೆ ದೊಡ್ಡೋರಿಗೇ ಬಾಯಿ ಕಟ್ಟುತ್ತೆ. ಅಧ್ಯಕ್ಷರಿಗೆ ಹೇಳಿದೀನಿ. ನೋಡೋಣ ಅಂದಿದ್ದಾರೆ. ಅವರು 'ನೋಡೋಣ' ಅಂದ್ರೆ ಸಾಮಾನ್ಯವಾಗಿ ಆಗುತ್ತೆ."

ಅಚ್ಚಾದ ವರದಿಯ ಒಂದು ಪ್ರತಿಯನ್ನು ತಂಗಿಗೆ ಕೊಟ್ಟಿದ್ದಾರೆ. ಆಕೆ ಅದನ್ನು ಟಿಕೆಟ್ ಕೌಂಟರಿನಲ್ಲಿಟ್ಟುಕೊಂಡು, ಬಸ್ಸು ತಡವಾದಾಗಲೆಲ್ಲ ಎರಡೆರಡು ಪುಟ ಓದುತ್ತಾಳೆ. ಒಂದು ಬೆಳಿಗ್ಗೆ ಆರೂವರೆಗೆ ಫೋನು.

"ಅಣ್ಣ, ಇಲ್ಲೊಂದು ಪಟ್ಟಿ ಇದೆ ನೋಡು. ಈ ಐವತ್ತೆರಡು ಅಂದ್ರೆ ಏನೋ?"

"ಸುಮ್ನಿದ್ದ ಮಕ್ಕಳು ಕಣೆ."

"ಪಾಪ," ಎನ್ನುತ್ತಾಳೆ ಆಕೆ. ಹಿಂದೆ ಯಾವುದೋ ಬಸ್ಸು ಇಂಜಿನ್ ಶುರುಮಾಡುತ್ತದೆ. "ಏನು ಹೇಳ್ಬೇಕು ಅಂತಿದ್ವೋ ಏನೋ ಅವು."

ಅವರು ಕಿಟಕಿಯ ಕಡೆ ನೋಡುತ್ತಾರೆ. ಬೆಳಕು ಹಳದಿ ಕುರ್ಚಿಯ ಕಾಲಿಗೆ ಬಂದಿದೆ. ಕೈಯಲ್ಲಿದ್ದ ಪೆನ್ಸಿಲ್ಲು ಹಾಳೆಯ ಮೇಲೆ ತಾನೇ ಓಡಾಡುತ್ತದೆ, ಒಂದು, ಎರಡು, ಮೂರು.

"ಸೊನ್ನೆ ಹಾಕ್ತಿದೀಯಾ?"

"ಹೂಂ."

"ಹಾಕು ಹಾಕು. ನಂಗೆ ಬಸ್ ಬಂತು," ಎಂದು ಆಕೆ ನಗುತ್ತಾ ಫೋನು ಇಡುತ್ತಾಳೆ.

ಒಂಬತ್ತನೆಯ ವಯಸ್ಸಿನಲ್ಲಿ ನ್ಯಾಯಾಧೀಶರು ಯಾರ ಜೊತೆ ಇರುತ್ತೀಯ ಎಂದು ಕೇಳಿದಾಗ ಅವರ ಬಾಯಿಗೆ ಬಂದಿದ್ದ ಮಾತು ಅಪ್ಪ ಎಂದಲ್ಲ, ಅಮ್ಮ ಎಂದೂ ಅಲ್ಲ, ತಂಗಿಯ ಜೊತೆ ಎಂದು. ಅದನ್ನು ಅವರು ಅಂದೂ ಹೇಳಲಿಲ್ಲ, ಇಂದಿಗೂ ಆಕೆಗೆ ಹೇಳಿಲ್ಲ.